ನೆರಳಿಗೆಲ್ಲಿಯ ಕಾಂಪೌಂಡು?

ನಮ್ಮ ಮನೆಗೂ ಪಕ್ಕದ ಅಕ್ಕನ ಮನೆಗೂ ನಡುವೆ ಒಂದು ಕಾಂಪೌಂಡ್ ಗೋಡೆ ಇದೆ. ನನ್ನ ಭುಜದಷ್ಟು ಎತ್ತರ. ಮೂವತ್ತೆರಡು ವರ್ಷಗಳಿಂದ ಆ ಗೋಡೆಯ ಮೇಲೆ ಒಂದು ಸ್ಟೀಲ್ ಬಟ್ಟಲು ಓಡಾಡುತ್ತಿದೆ. ನಮ್ಮನೆಯಿಂದ ಬಿಸಿಬೇಳೆಬಾತು ಹೋದರೆ ಅಲ್ಲಿಂದ ಪತ್ರೊಡೆ ಬರುತ್ತದೆ. ಬಟ್ಟಲನ್ನು ಖಾಲಿ ಕಳಿಸಬಾರದು ಎಂಬುದು ಇಬ್ಬರೂ ಬಾಯಿಬಿಟ್ಟು ಹೇಳದ ಕಟ್ಟಳೆ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಅದರಲ್ಲಿರಬೇಕು.

ಕಳೆದ ವರ್ಷ ಆ ಬಟ್ಟಲು ನಮ್ಮ ಅಡುಗೆಮನೆಯ ಶೆಲ್ಫಿನಲ್ಲಿ ಮೂರು ವಾರ ಬೋರಲಾಗಿ ಕೂತಿತ್ತು. ಕಾರಣ, ಒಂದು ಹಲಸಿನ ಮರ. ಅಲ್ಲ, ಮರದ್ದೇನು ತಪ್ಪು? ಕಾರಣ ನನ್ನ ನಾಲಿಗೆ.

ನಮ್ಮದು ಮೈಸೂರಿನ ಹಳೆಯ ಬಡಾವಣೆ. ಎರಡು ಮನೆಗಳೂ ಉತ್ತರಕ್ಕೆ ಮುಖ ಮಾಡಿವೆ, ಹಿತ್ತಿಲು ದಕ್ಷಿಣಕ್ಕೆ. ನಮ್ಮದು ಮೂಲೆ ಮನೆ, ಪಶ್ಚಿಮಕ್ಕೆ ರಸ್ತೆ. ಪೂರ್ವಕ್ಕೆ ಅಕ್ಕನ ಮನೆ. ಅಕ್ಕ ಅಂದರೆ ನನ್ನ ಒಡಹುಟ್ಟಿದವರಲ್ಲ. ಉಡುಪಿ ಕಡೆಯವರು, ನನಗಿಂತ ಆರು ವರ್ಷ ದೊಡ್ಡವರು, ಈಗ ಎಪ್ಪತ್ತನಾಲ್ಕು. ನಾನು ಅಕ್ಕ ಅನ್ನುತ್ತೇನೆ. ನನ್ನ ಮೊಮ್ಮಗಳು ಪುಟ್ಟಿ ಅದಕ್ಕೊಂದು ಅಜ್ಜಿ ಸೇರಿಸಿ ‘ಅಕ್ಕಜ್ಜಿ’ ಅನ್ನುತ್ತಾಳೆ. ಅವರ ಯಜಮಾನರು ಸ್ಕೂಲು ಮೇಷ್ಟ್ರಾಗಿದ್ದರು. ತೀರಿಕೊಂಡು ಎಂಟು ವರ್ಷವಾಯಿತು. ಹಿತ್ತಿಲ ತುದಿಯಲ್ಲಿ, ಗೋಡೆಗೆ ಹತ್ತಿರದಲ್ಲಿ ಅವರು ನೆಟ್ಟ ಹಲಸಿನ ಮರ ಇದೆ. ನಮ್ಮ ಹಿತ್ತಿಲಿಗೆ ಅದು ಸರಿಯಾಗಿ ಆಗ್ನೇಯ ಮೂಲೆ.

ಕಳೆದ ನವೆಂಬರಿನಲ್ಲಿ ನಮ್ಮ ಯಜಮಾನರು ಬಚ್ಚಲುಮನೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಮನೆಗೆ ಕರೆತಂದಾಗ ಡಾಕ್ಟರು, “ಬೆಳಿಗ್ಗೆ ಸ್ವಲ್ಪ ಹೊತ್ತು ಬಿಸಿಲಲ್ಲಿ ಕೂರಿಸಿ. ಮನಸ್ಸಿಗೂ ಒಳ್ಳೇದು, ಮೈಗೂ ಒಳ್ಳೇದು” ಅಂದರು. ಕೇಳುವುದಕ್ಕೆ ಸುಲಭದ ಮಾತು. ಆದರೆ ಬಿಸಿಲೆಲ್ಲಿ? ಚಳಿಗಾಲದಲ್ಲಿ ಉತ್ತರದ ಜಗುಲಿಗೆ ಬಿಸಿಲೇ ಬರುವುದಿಲ್ಲ. ಮಹಡಿ ಹತ್ತುವ ಹಾಗಿಲ್ಲ. ಉಳಿದದ್ದು ಹಿತ್ತಿಲು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕುರ್ಚಿ ಹಾಕಿ, ಶಾಲು ಹೊದಿಸಿ ಕೂರಿಸಿದೆ. ಎಂಟೂವರೆಯಾಯಿತು, ಒಂಬತ್ತೂವರೆಯಾಯಿತು, ಅವರ ಮೇಲೆ ಹಲಸಿನ ನೆರಳೇ ನೆರಳು. ಮರ ದಾಟಿ ಸೂರ್ಯ ಮೇಲೆ ಬರುವಷ್ಟರಲ್ಲಿ ಹತ್ತೂವರೆ. ಆ ಹೊತ್ತಿಗೆ ವ್ಯಾಯಾಮ ಮಾಡಿಸುವ ಹುಡುಗ ಬಂದುಬಿಡುತ್ತಿದ್ದ. ಆಮೇಲೆ ಸ್ನಾನ, ಊಟ, ನಿದ್ದೆ. ದಿನವೂ ಇದೇ ಪಾಡು. ಒಂದು ದಿನ ಅವರು ಚಳಿಗೆ ಕೈ ಉಜ್ಜಿಕೊಳ್ಳುತ್ತಾ, “ಒಳಗೇ ಕರ್ಕೊಂಡ್ ಹೋಗ್ಬಿಡೇ” ಅಂದರು. ನನಗೆ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು.

ಗೋಡೆಯ ಹತ್ತಿರ ಹೋಗಿ ಅಕ್ಕನನ್ನು ಕರೆದೆ. “ಅಕ್ಕ, ಆ ಮರ ತೆಗೆಸಿಬಿಡಿ. ಅರವತ್ತಡಿ ಬೆಳೆದು ನಿಂತಿದೆ. ನನ್ನ ಮಲ್ಲಿಗೆ ಹೂ ಬಿಡ್ತಿಲ್ಲ, ಕಲ್ಲೆಲ್ಲ ಪಾಚಿ, ಬೇಸಿಗೇಲಿ ಸಂಡಿಗೆ ಒಣಗಲ್ಲ, ಈಗ ಇವರಿಗೆ ಬಿಸಿಲಿಲ್ಲ.”

ಅಕ್ಕ ಮರದ ಕಡೆ ತಿರುಗಿ ನೋಡಿದರು. “ಅವರು ಹಾಕಿದ ಮರ ಕಣೇ” ಅಂದರು, ಅಷ್ಟೇ.

ಅಲ್ಲಿಗೆ ನಾನು ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. “ಹೋದವರ ನೆರಳು ಕಾಯೋದಕ್ಕೆ ಇರೋವರು ಚಳೀಲಿ ನಡುಗಬೇಕಾ?” ಅಂದುಬಿಟ್ಟೆ.

ಅಕ್ಕ ಏನೂ ಹೇಳಲಿಲ್ಲ. ಒಳಗೆ ಹೋಗಿ ಹಿತ್ತಿಲ ಬಾಗಿಲು ಹಾಕಿಕೊಂಡರು. ಆ ಬಾಗಿಲು ಹಗಲು ಹೊತ್ತಿನಲ್ಲಿ ಮುಚ್ಚಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ನಮ್ಮ ಮಗ ಕಚೇರಿಗೆ ಹೋಗಿ ಮರದ ವಿಷಯ ವಿಚಾರಿಸಿಕೊಂಡು ಬಂದ. ನಮ್ಮ ರಾಜ್ಯದಲ್ಲಿ 1976ರಿಂದ ಮರಗಳನ್ನು ಕಾಪಾಡಲೆಂದೇ ಒಂದು ಕಾಯ್ದೆ ಇದೆ. ಕಾಯ್ದೆಯಲ್ಲಿ ಬಿಟ್ಟಿರುವ ಕೆಲವು ಜಾತಿಗಳನ್ನು ಹೊರತುಪಡಿಸಿದರೆ, ಸ್ವಂತ ಜಾಗದಲ್ಲಿರುವ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಅರ್ಜಿಯನ್ನು ಕೊಡಬೇಕಾದವರು ಮರದ ಮಾಲೀಕರೇ ಹೊರತು ಪಕ್ಕದ ಮನೆಯವರಲ್ಲ. ಗೋಡೆ ದಾಟಿ ನಮ್ಮ ಕಡೆ ಚಾಚಿದ ಕೊಂಬೆಯನ್ನು, ಮಾಲೀಕರಿಗೆ ಮೊದಲು ತಿಳಿಸಿ, ಗೋಡೆಯವರೆಗೆ ಸವರಿಸಬಹುದು ಎಂದು ಪರಿಚಯದ ವಕೀಲರು ಹೇಳಿದರಂತೆ. ನಾನು ಹೊರಗೆ ಹೋಗಿ ತಲೆಯೆತ್ತಿ ನೋಡಿದೆ. ಗೋಡೆ ದಾಟಿ ಬಂದ ಕೊಂಬೆ ಒಂದೂ ಇರಲಿಲ್ಲ! ಮರ ತನ್ನ ಜಾಗದಲ್ಲೇ ಮರ್ಯಾದೆಯಾಗಿ ನಿಂತಿತ್ತು. ಗೋಡೆ ದಾಟಿ ಬಂದದ್ದು ನೆರಳು ಮಾತ್ರ. ನೆರಳಿಗೆಲ್ಲಿಯ ಕಾಂಪೌಂಡು?

“ಅಜ್ಜಿ, ಮರ ಅರವತ್ತಡಿ ಇದೆ ಅಂತ ಯಾರು ಅಳೆದ್ರು?” ಎಂದು ಪುಟ್ಟಿ ಕೇಳಿದಳು. ಅವಳು ಏಳನೇ ಕ್ಲಾಸು. ಬಾಯಿ ತೆರೆದರೆ ಪ್ರಶ್ನೆ. “ಅಳೀಬೇಕೇನೇ? ಕಣ್ಣಿಗೆ ಕಾಣಲ್ವಾ?” ಎಂದು ಗದರಿದೆ. ಅವಳು ಗದರಿಕೆಗೆ ಬಗ್ಗುವ ಪೈಕಿ ಅಲ್ಲ. ಮರುದಿನವೇ ಒಂದು ಮೀಟರ್ ಉದ್ದದ ನೇರವಾದ ಕೋಲು ಹುಡುಕಿಕೊಂಡು ಬಂದಳು.

ಅವತ್ತು ಡಿಸೆಂಬರ್ 22, ಭಾನುವಾರ. ಸೂರ್ಯ ಅತ್ಯಂತ ದಕ್ಷಿಣಕ್ಕೆ ಸರಿದು ಮತ್ತೆ ಉತ್ತರಕ್ಕೆ ತಿರುಗುವುದು ಈ ದಿನದ ಆಸುಪಾಸಿನಲ್ಲೇ. ನಾವು ಸಂಕ್ರಾಂತಿಯನ್ನು ಜನವರಿ 14 ಅಥವಾ 15ಕ್ಕೆ ಆಚರಿಸಿದರೂ ಆಕಾಶದ ಉತ್ತರಾಯಣ ಮೂರು ವಾರ ಮೊದಲೇ ಆರಂಭವಾಗಿರುತ್ತದೆ. ಮೈಸೂರಿನಲ್ಲಿ ಸೂರ್ಯ ನೆತ್ತಿಯ ಸಾಲಿಗೆ ಬರುವುದು ಗಡಿಯಾರದ 12 ಗಂಟೆಗಲ್ಲ, ಆಗ ಸುಮಾರು 12 ಗಂಟೆ 22 ನಿಮಿಷಕ್ಕೆ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಮೈಸೂರು ಅದಕ್ಕಿಂತ ಸುಮಾರು ಆರು ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ ತಡ. ಇದೆಲ್ಲ ನನಗೆ ಗೊತ್ತಿದ್ದದ್ದಲ್ಲ, ಪುಟ್ಟಿ ಅವರ ತಾತನ ಕುರ್ಚಿಯ ಪಕ್ಕ ಕೂತು ಪಾಠ ಒಪ್ಪಿಸಿದ್ದು.

ಆ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು 72 ಸೆಂಟಿಮೀಟರ್ ಇತ್ತು. ಇನ್ನು ಮರದ ನೆರಳು ಅಳೆಯಬೇಕು. ಆದರೆ ಮಧ್ಯಾಹ್ನ ಮರದ ನೆರಳು ನೇರ ಉತ್ತರಕ್ಕೆ, ಅಕ್ಕನ ಹಿತ್ತಿಲಿನಲ್ಲೇ ಬೀಳುತ್ತದೆ. ನಾನು ಬೇಡ ಅನ್ನುವಷ್ಟರಲ್ಲಿ ಹುಡುಗಿ ಟೇಪು ಹಿಡಿದು ಓಡಿಯಾಗಿತ್ತು. ಅಡುಗೆಮನೆಯ ಕಿಟಕಿಯಿಂದ ಇಣುಕಿದೆ. ಮುಚ್ಚಿದ್ದ ಬಾಗಿಲು ತೆರೆದಿತ್ತು. ಟೇಪಿನ ಆ ತುದಿಯನ್ನು ಮರದ ಬುಡದಲ್ಲಿ ಅಕ್ಕ ಬಗ್ಗಿ ಹಿಡಿದುಕೊಂಡಿದ್ದರು.

ನೆರಳು ಏಳು ಮೀಟರ್. ಕೋಲಿನ ಲೆಕ್ಕ ಹಿಡಿದರೆ ಮರದ ಎತ್ತರ ಹತ್ತಿರ ಹತ್ತಿರ 9.7 ಮೀಟರ್, ಅಂದರೆ 32 ಅಡಿ. “ನಿಮ್ಮಜ್ಜಿ ಲೆಕ್ಕದಲ್ಲಿ ಇನ್ನೊಂದು ಮರ ಇದರ ಮೇಲೆ ನಿಂತಿದೆ” ಎಂದು ಅಕ್ಕ ನಕ್ಕರಂತೆ. ಪುಟ್ಟಿ ಬಂದು ಹಾಗೇ ಹೇಳಿದಳು. ನನಗೆ ನಗು ಬರಲಿಲ್ಲ. ಬಂದರೂ ತೋರಿಸಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಇನ್ನೊಂದು ಆಟ ನಡೆಯಿತು. ಅದನ್ನು ನೆನೆದರೆ ಈಗಲೂ ಕಣ್ಣಿಗೆ ಕಟ್ಟುತ್ತದೆ. ತಾತ ಕುರ್ಚಿಯಲ್ಲಿ ಕೂತಿದ್ದಾರೆ. ಪುಟ್ಟಿ ಅವರ ಕಾಲ ಬಳಿ ನೆಲ ನೋಡುತ್ತಾ ನಿಂತಿದ್ದಾಳೆ. ಸೂರ್ಯನ ಕಡೆ ಕಣ್ಣೆತ್ತಿ ನೋಡಬಾರದು, ನೆರಳನ್ನೇ ನೋಡಬೇಕು ಎಂದು ಅವಳಿಗೆ ಗೊತ್ತು. ಗೋಡೆಯಾಚೆ ಅಕ್ಕ, ಹಲಸಿನ ಕಾಯಿ ಕೀಳುವ ಉದ್ದನೆಯ ದೋಟಿ ಹಿಡಿದು ಒಂದೊಂದೇ ಕೊಂಬೆಯನ್ನು ಅಲ್ಲಾಡಿಸುತ್ತಿದ್ದಾರೆ.

“ಇದಾ?”

“ಅಲ್ಲ ಅಕ್ಕಜ್ಜಿ, ಅದರ ನೆರಳು ಕಲ್ಲಿನ ಹತ್ರ ಅಲ್ಲಾಡ್ತಿದೆ!”

“ಇದಾ?”

“ಹ್ಞೂಂ ಹ್ಞೂಂ, ಅದೇ! ತಾತನ ಮೂಗಿನ ಮೇಲೆ ಅಲ್ಲಾಡ್ತಿದೆ!”

ಎಂಟೂವರೆಗೊಮ್ಮೆ, ಒಂಬತ್ತಕ್ಕೊಮ್ಮೆ, ಒಂಬತ್ತೂವರೆಗೊಮ್ಮೆ ಹೀಗೆ ನೋಡಿದರು. ಆ ಹೊತ್ತಿನಲ್ಲಿ ಸೂರ್ಯ ಇನ್ನೂ ತಗ್ಗಿನಲ್ಲೇ ಇರುತ್ತಾನೆ. ಹಾಗಾಗಿ ಕುರ್ಚಿಯ ಬಿಸಿಲನ್ನು ತಡೆಯುತ್ತಿದ್ದದ್ದು ಮರದ ತಲೆಯಲ್ಲ, ನಡು. ಕೊನೆಗೆ ಲೆಕ್ಕಕ್ಕೆ ಸಿಕ್ಕಿದ್ದು ಮೂರೇ ಮೂರು ಕೆಳಗಿನ ಕೊಂಬೆಗಳು. ಅಕ್ಕ ಅವುಗಳ ಬುಡಕ್ಕೆ ಗುರುತಿಗೆಂದು ಹಳೆಯ ಸೀರೆಯ ಅಂಚಿನ ಚಿಂದಿ ಕಟ್ಟಿದರು.

ಮೂವತ್ತೆರಡು ಅಡಿಯ ಮರವನ್ನು ಬುಡಸಮೇತ ಉರುಳಿಸಿ ಎಂದು ನಾನು ಕೂಗಾಡಿದ್ದೆ. ಬೇಕಾಗಿದ್ದದ್ದು ಮೂರು ಕೊಂಬೆ.

ಸವರುವುದಕ್ಕೂ ಮಗ ಕಚೇರಿಯಲ್ಲಿ ಒಂದು ಮಾತು ಕೇಳಿಕೊಂಡೇ ಬಂದ. ಜನವರಿ ಮೊದಲ ವಾರ ಮರ ಹತ್ತುವವನು ಬಂದ. ಮೊದಲು ಹತ್ತಿ, ಗೂಡು ಏನಾದರೂ ಇದೆಯಾ ಎಂದು ನೋಡಿದ. ಇರಲಿಲ್ಲ. ಆಮೇಲೆ ಕೊಂಬೆಯ ಅಡಿಯಿಂದ ಸ್ವಲ್ಪ ಗರಗಸ ಹಾಕಿ, ಅನಂತರ ಮೇಲಿನಿಂದ ಕೊಯ್ದ. ಮೇಲಿನಿಂದಷ್ಟೇ ಕೊಯ್ದರೆ ಕೊಂಬೆ ತನ್ನ ಭಾರಕ್ಕೆ ಮುರಿದು ಬೀಳುವಾಗ ಕಾಂಡದ ಸಿಪ್ಪೆಯನ್ನೂ ಸುಲಿದುಕೊಂಡು ಬರುತ್ತದಂತೆ. ಆ ಗಾಯದಿಂದ ಮರಕ್ಕೆ ಹುಳ, ಕೊಳೆ. “ಹಣ್ಣು ಕಮ್ಮಿ ಆಗತ್ತೇನಪ್ಪಾ?” ಎಂದು ಅಕ್ಕ ಕೇಳುವುದು ಕೇಳಿಸಿತು. “ಇಲ್ಲಮ್ಮಾ, ಹಲಸು ಕಾಂಡದಲ್ಲಿ, ದಪ್ಪ ಕೊಂಬೇಲಿ ಬಿಡೋದಲ್ವಾ? ಇವು ಬರೀ ಎಲೆ ಕೊಂಬೆ” ಎಂದ. ಮಾವು ತುದಿಚಿಗುರಿನಲ್ಲಿ ಹೂ ಬಿಡುತ್ತದೆ. ಚಳಿಗಾಲದಲ್ಲಿ ಅದನ್ನು ಸವರಿದರೆ ಆ ವರ್ಷದ ಫಸಲಿಗೇ ಕತ್ತರಿ. ಹಲಸಿಗೆ ಆ ಭಯ ಇಲ್ಲ.

ಸಂಜೆ ಪುಟ್ಟಿ ಬಾಳೆಯೆಲೆ ಮುಚ್ಚಿದ ತಟ್ಟೆಯೊಂದನ್ನು ಹಿಡಿದು ಬಂದಳು. ಕತ್ತರಿಸಿದ ಕೊಂಬೆಗಳ ಎಲೆಗಳನ್ನು ಆರಿಸಿ, ನಾಲ್ಕು ನಾಲ್ಕು ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಕೊಟ್ಟೆ ಕಟ್ಟಿ, ಹಿಟ್ಟು ಹೊಯ್ದು ಬೇಯಿಸಿದ ಕಡುಬು. ಹಲಸಿನೆಲೆಯ ಆ ಪರಿಮಳ! ನಾನು ಎರಡು ತಿಂದೆ. ಶೆಲ್ಫಿನಿಂದ ಬಟ್ಟಲು ತೆಗೆದು, ತೊಳೆದು, ಗೊಜ್ಜು ತುಂಬಿಸಿ ಪುಟ್ಟಿಯ ಕೈಲಿ ಕಳಿಸಿದೆ.

ನಾನೇ ಹೋಗಬಹುದಿತ್ತು, ಹೋಗಲಿಲ್ಲ. ಸಂಕ್ರಾಂತಿಯ ದಿನವೂ ಎಳ್ಳು-ಬೆಲ್ಲವನ್ನು ಪುಟ್ಟಿಯೇ ಬೀರಿ ಬಂದಳು. ಎಳ್ಳು ತಿಂದು ಒಳ್ಳೆ ಮಾತಾಡಬೇಕಂತೆ. ಅಕ್ಕ ಕಳಿಸಿದ ಎಳ್ಳನ್ನು ತಿಂದೆ, ಸಕ್ಕರೆ ಅಚ್ಚನ್ನೂ ತಿಂದೆ. ಮಾತು ಮಾತ್ರ ಬರಲಿಲ್ಲ. ಯಜಮಾನರು ಅವತ್ತು ಎಂಟೂವರೆಯಿಂದ ಒಂದು ಗಂಟೆ ಹೊತ್ತು ಬಿಸಿಲಿನಲ್ಲಿ ಕೂತು ಪೇಪರ್ ಓದಿದರು. “ನೀನು ಹೋಗಿ ಒಂದ್ಮಾತು ಹೇಳಿ ಬಾ” ಅಂದರು ಪೇಪರಿನಿಂದ ಕಣ್ಣೆತ್ತದೆ. “ಹೇಳ್ತೀನಿ” ಅಂದೆ. ಕೊಂಬೆ ಕಡಿಸುವುದು ಸುಲಭ, ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವುದು ಕಷ್ಟ.

ಪುಟ್ಟಿ ಮಾತ್ರ ಕೋಲು ಬಿಡಲಿಲ್ಲ. ಅಕ್ಕನ ಹಿತ್ತಿಲಿನಲ್ಲಿ ಅದನ್ನು ನೆಟ್ಟು, ತಿಂಗಳಿಗೊಮ್ಮೆ ಮಧ್ಯಾಹ್ನದ ನೆರಳನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಡಿಸೆಂಬರಿನಲ್ಲಿ 72 ಸೆಂಟಿಮೀಟರ್ ಇದ್ದದ್ದು ಮಾರ್ಚ್ 21ಕ್ಕೆ 22 ಆಯಿತು. ಏಪ್ರಿಲ್ 22ರಂದು ಅವಳು ಬೀದಿಯ ಮಕ್ಕಳನ್ನೆಲ್ಲ ಸೇರಿಸಿದ್ದಳು. ಅವತ್ತು ಕೋಲಿಗೆ ನೆರಳೇ ಇಲ್ಲ! ಬುಡದಲ್ಲಿ ಅಡಗಿ ಕೂತುಬಿಟ್ಟಿತ್ತು. ಮೈಸೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 22ರ ಆಸುಪಾಸು ಒಮ್ಮೆ, ಆಗಸ್ಟ್ 20ರ ಆಸುಪಾಸು ಇನ್ನೊಮ್ಮೆ. ನಡುವಿನ ನಾಲ್ಕು ತಿಂಗಳು ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ.

“ಹಾಗಾದ್ರೆ ಅಜ್ಜಿ, ಬೇಸಿಗೇಲಿ ಮರದ ನೆರಳು ನಿನ್ನ ಸಂಡಿಗೆ ಜಾಗಕ್ಕೆ ಬರೋದೇ ಇಲ್ವಲ್ಲ?” ಎಂದಳು ಪುಟ್ಟಿ. ಹೊರಗೆ ಹೋಗಿ ನೋಡಿದೆ. ಹೌದು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಿಸಿಲು ಸುಡುತ್ತಿತ್ತು. ಇಷ್ಟು ವರ್ಷ ನನ್ನ ಸಂಡಿಗೆ ಸರಿಯಾಗಿ ಒಣಗದಿದ್ದದ್ದು ನಾನು ಹಿಟ್ಟು ನೀರಾಗಿ ಕಾಸುತ್ತಿದ್ದದ್ದಕ್ಕೇ ಇರಬೇಕು. ಚಳಿಗಾಲದ ಒಂದು ನಿಜವಾದ ದೂರಿನ ಜೊತೆಗೆ ನಾಲ್ಕು ಸುಳ್ಳು ದೂರುಗಳನ್ನು ಸೇರಿಸಿ ಗಂಟು ಕಟ್ಟಿದ್ದೆ.

ಮೇ ತಿಂಗಳು ಬಂತು. ಅಕ್ಕ ಪ್ರತಿವರ್ಷ ಬಲಿತ ಹಲಸಿನ ಕಾಯಿ ಬೇಯಿಸಿ, ರುಬ್ಬಿ, ಹಪ್ಪಳ ತಟ್ಟುತ್ತಾರೆ. ನಮಗೂ ಒಂದು ಡಬ್ಬಿ ತಪ್ಪದೆ ಬರುತ್ತದೆ. ಮಳೆಗಾಲದ ಸಂಜೆ ಅದನ್ನು ಕರಿದು ತಿನ್ನುವ ಸುಖ ಹೇಳಿ ಮುಗಿಯುವಂಥದ್ದಲ್ಲ. ರಜೆಯಲ್ಲಿ ಪುಟ್ಟಿ ಅಲ್ಲೇ ಠಿಕಾಣಿ, ಹಪ್ಪಳ ಒತ್ತುವುದಕ್ಕೆ.

ಒಂದು ಸಂಜೆ ಅವಳು ಎಂದಿನ ಹಾಗೆ ಹಾರಿಕೊಂಡು ಬರಲಿಲ್ಲ. ನೋಟ್‌ಬುಕ್ ಹಿಡಿದು ಮೆಲ್ಲಗೆ ಬಂದು ನನ್ನ ಮುಂದೆ ಕೂತಳು.

“ಅಜ್ಜಿ, ಅಕ್ಕಜ್ಜಿ ಹಪ್ಪಳಾನ ತಾರಸಿಗೆ ಯಾಕೆ ಹೊತ್ಕೊಂಡು ಹೋಗ್ತಾರೆ ಗೊತ್ತಾ?”

“ಅಲ್ಲಿ ಬಿಸಿಲು ಜೋರು ಅಂತ.”

“ಅಲ್ಲ. ಅವರ ಅಡುಗೆಮನೆ ಬಾಗಿಲ ಮುಂದೆ ಕಲ್ಲು ಹಾಸಿದೆಯಲ್ಲ, ಮೊದಲು ಅಲ್ಲೇ ಹಾಕ್ತಿದ್ರಂತೆ. ಈಗ ಮೂರೂವರೆ ಆದ್ಮೇಲೆ ಅಲ್ಲಿಗೆ ಬಿಸಿಲೇ ಬರಲ್ಲ. ನಾನು ಬಳಪದಲ್ಲಿ ಗೆರೆ ಎಳೆದು ನೋಡಿದೆ.” ನೋಟ್‌ಬುಕ್ ನನ್ನ ಕಡೆ ತಿರುಗಿಸಿದಳು. ಚಿತ್ರದಲ್ಲಿ ಒಂದು ದೊಡ್ಡ ಚೌಕಾಕಾರದ ನೆರಳು. “ಇದು ಮರದ್ದಲ್ಲ ಅಜ್ಜಿ. ಮರದ ನೆರಳು ಸಾಯಂಕಾಲ ಆಚೆ ಹೋಗತ್ತೆ. ಇದು ನಮ್ಮ ಮಹಡಿದು.”

ನಾನು ಮಾತಾಡಲಿಲ್ಲ.

“ಈಗ ನಮ್ಮ ಮಹಡಿ ಕಡಿಸಬೇಕಾ ಅಜ್ಜಿ?”

ಅವಳು ತಮಾಷೆಗೆ ಕೇಳಿದ್ದಲ್ಲ. ಮಕ್ಕಳು ಲೆಕ್ಕವನ್ನು ಲೆಕ್ಕವಾಗಿಯೇ ಕೇಳುತ್ತಾರೆ. ಮರಕ್ಕೊಂದು ನ್ಯಾಯ, ಮಹಡಿಗೊಂದು ನ್ಯಾಯ ಅವರಿಗೆ ಗೊತ್ತಿಲ್ಲ.

ಮಹಡಿ ಕಟ್ಟಿಸಿ ಹನ್ನೊಂದು ವರ್ಷ. ಮಗನ ಮದುವೆಯಾದ ಮೇಲೆ ಜಾಗ ಸಾಲದೆ ಕಟ್ಟಿಸಿದ್ದು. ಆ ಹನ್ನೊಂದು ಬೇಸಿಗೆಗಳಲ್ಲೂ ಅಕ್ಕ ಹಪ್ಪಳದ ಮೊರ, ಚಾಪೆ ಹೊತ್ತು ತಾರಸಿಯ ಮೆಟ್ಟಿಲು ಹತ್ತುವುದನ್ನು ನಾನು ಇದೇ ಅಡುಗೆಮನೆಯ ಕಿಟಕಿಯಿಂದ ನೋಡಿದ್ದೇನೆ. ಈ ವಯಸ್ಸಿನಲ್ಲೂ ಎಷ್ಟು ಗಟ್ಟಿಮುಟ್ಟು ಎಂದು ಮೆಚ್ಚಿಕೊಂಡಿದ್ದೇನೆ. ಅವರು ಹತ್ತುತ್ತಿದ್ದದ್ದು ನಮ್ಮ ಮನೆಯ ನೆರಳಿನಿಂದ ತಪ್ಪಿಸಿಕೊಳ್ಳಲಿಕ್ಕೆ. ಹಾಗೆ ಒಣಗಿಸಿದ ಹಪ್ಪಳದಲ್ಲಿ ಒಂದು ಡಬ್ಬಿ ನಮ್ಮ ಮನೆಗೇ ಬರುತ್ತಿತ್ತು. ನಾವು ಕರಿದು ತಿನ್ನುತ್ತಿದ್ದೆವು.

ಬಟ್ಟಲು ನಮ್ಮಲ್ಲೇ ಇತ್ತು. ಅದಕ್ಕೆ ಏನು ತುಂಬಿಸಲಿ ಎಂದು ತೋಚಲಿಲ್ಲ. ಮಧ್ಯಾಹ್ನ ಮಾಡಿದ ಪಾಯಸ ಹಾಕಿಕೊಂಡು, ಗೋಡೆಯ ಮೇಲೆ ಇಡದೆ, ಬೀದಿ ಬಾಗಿಲಿನಿಂದ ಸುತ್ತಿಕೊಂಡು ಹೋದೆ. ಅಕ್ಕ ಒಣಗಿದ ಹಪ್ಪಳಗಳನ್ನು ಎಣಿಸಿ ಕಟ್ಟು ಕಟ್ಟುತ್ತಿದ್ದರು.

“ಅಕ್ಕ, ಅವತ್ತು ಆಡಬಾರದ ಮಾತು ಆಡಿದೆ. ಮೇಷ್ಟ್ರ ವಿಷಯದಲ್ಲಿ ಹಾಗೆ ಅನ್ನಬಾರದಿತ್ತು. ತಪ್ಪಾಯ್ತು.” ಅಷ್ಟು ಹೇಳುವಷ್ಟರಲ್ಲಿ ಗಂಟಲು ಕಟ್ಟಿತು.

ಅಕ್ಕ ಕೈ ನಿಲ್ಲಿಸಲಿಲ್ಲ. “ಐದು ತಿಂಗಳಾಯ್ತಲ್ಲೇ, ಇಷ್ಟು ತಡ ಮಾಡಿದೆ” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ನೋವಾಗಿತ್ತು. ಸುಳ್ಳು ಹೇಳಲ್ಲ” ಅಂದರು.

“ಮಹಡಿ ನೆರಳಿನ ವಿಷಯ ಯಾಕೆ ಹೇಳಲಿಲ್ಲ ಅಕ್ಕ? ಹನ್ನೊಂದು ವರ್ಷ!”

“ಹೇಳಿ ಏನು ಮಾಡೋದು? ಕಟ್ಟಿದ ಮನೆ ಸವರೋಕಾಗತ್ತಾ? ಮತ್ತೆ, ಬೇಸಿಗೇಲಿ ಸಾಯಂಕಾಲ ನನ್ನ ಅಡುಗೆಮನೆ ತಣ್ಣಗಿರತ್ತೆ ಕಣೇ ನಿನ್ನ ಮಹಡಿಯಿಂದ. ಅದೂ ಒಂದು ಲಾಭವೇ. ಹಪ್ಪಳಕ್ಕೆ ಮಾತ್ರ ಸ್ವಲ್ಪ ತೊಂದರೆ.” ಹೀಗೆಂದು ಬಟ್ಟಲಿನ ಪಾಯಸವನ್ನು ಒಂದು ಲೋಟಕ್ಕೆ ಸುರಿದು, ಅರ್ಧ ನನಗೇ ಕೊಟ್ಟರು.

ಮನೆಯನ್ನು ಸವರಲು ಆಗುವುದಿಲ್ಲ ನಿಜ. ಗೋಡೆಯನ್ನು ಸವರಬಹುದಲ್ಲ? ಉಪಾಯ ಹೇಳಿದವರು ನಮ್ಮ ಯಜಮಾನರು. ಬೆಳಗಿನ ಬಿಸಿಲು ಅಕ್ಕನ ಹಿತ್ತಿಲಿಗೆ ಮೊದಲು ಬರುತ್ತದೆ, ಸಂಜೆಯ ಬಿಸಿಲು ನಮ್ಮ ಹಿತ್ತಿಲಲ್ಲಿ ಕೊನೆಯವರೆಗೆ ಇರುತ್ತದೆ. ಎರಡೂ ಮನೆಯವರು ಒಪ್ಪಿ ಕಾಂಪೌಂಡಿನಲ್ಲಿ ಮೂರಡಿ ಅಗಲ ಒಡೆಸಿ, ಒಂದು ಸಣ್ಣ ಗೇಟು ಇಡಿಸಿದೆವು. ಕೆಳಗೆ ಮೆಟ್ಟಿಲಿಲ್ಲ, ವಾಕರ್ ಹಿಡಿದು ಬರುವವರಿಗೆ ಅನುಕೂಲವಾಗಲಿ ಎಂದು ಇಳಿಜಾರು. ಕೊನೆಯ ಕಂತಿನ ಹಪ್ಪಳ ನಮ್ಮ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಣಗಿತು. ಕಾಗೆ ಕಾಯುವ ಕೆಲಸ ಯಜಮಾನರದ್ದು. ಕೈಯಲ್ಲಿ ಕೋಲು, ಮಡಿಲಲ್ಲಿ ಪೇಪರ್. ಕಾಗೆಗಿಂತ ಹೆಚ್ಚು ಹಪ್ಪಳದ ಹಿಟ್ಟು ತಿಂದವರೂ ಅವರೇ ಎಂದು ಪುಟ್ಟಿಯ ದೂರು.

ಜೂನ್ 21ಕ್ಕೆ ಪುಟ್ಟಿಯ ಕೋಲಿನ ನೆರಳು ದಕ್ಷಿಣಕ್ಕೆ 20 ಸೆಂಟಿಮೀಟರ್ ಇತ್ತು. ಅವತ್ತು ಮೋಡದ ನಡುವೆ ಸೂರ್ಯ ಇಣುಕಿದ್ದು ಐದೇ ನಿಮಿಷ, ಅಷ್ಟರಲ್ಲೇ ಅಳೆದುಬಿಟ್ಟಳು. ಅದೇ ವಾರ ಮರದ ಕೊನೆಯ ಹಣ್ಣು ಇಳಿಸಿದೆವು. ಮೂರು ಕೊಂಬೆ ಕಳೆದುಕೊಂಡರೂ ಮರ ಆ ವರ್ಷ ಹದಿನೇಳು ಹಣ್ಣು ಕೊಟ್ಟಿತ್ತು.

ಮಕ್ಕಳೇ, ನಿಮ್ಮ ಮನೆಯ ಅಂಗಳದಲ್ಲೂ ಒಂದು ಮೀಟರಿನ ಕೋಲು ನೆಟ್ಟು ನೋಡಿ. ಬೀದರಿನಲ್ಲಿ ಒಂದು ಲೆಕ್ಕ ಬರುತ್ತದೆ, ಮೈಸೂರಿನಲ್ಲಿ ಇನ್ನೊಂದು. ಸೂರ್ಯನನ್ನು ನೇರವಾಗಿ ನೋಡಬೇಡಿ, ನೆರಳನ್ನು ನೋಡಿ. ನೋಡುವಾಗ ನಿಮ್ಮ ಮನೆಯ ನೆರಳು ಯಾರ ಅಂಗಳದಲ್ಲಿ ಬಿದ್ದಿದೆ ಎನ್ನುವುದನ್ನೂ ಒಂದು ಸಲ ಗುರುತು ಹಾಕಿಕೊಳ್ಳಿ.

ಬಟ್ಟಲು ಈಗ ಗೋಡೆಯ ಮೇಲೆ ಓಡಾಡುವುದಿಲ್ಲ. ಗೇಟಿನಲ್ಲೇ ಬರುತ್ತದೆ. ಇವತ್ತು ಅದರಲ್ಲಿ ಹಲಸಿನ ಬೀಜದ ಪಲ್ಯ ಬಂದಿದೆ. ತಿರುಗಿ ಕಳಿಸುವುದಕ್ಕೆ ಏನಾದರೂ ಮಾಡಬೇಕು, ಏಳುತ್ತೇನೆ.